ಅಕ್ಕಸಾಲಿ ಮಾಡಿದ ಆಯಿಲ್ ಕಡ್ಡಿ

"ಇವತ್ತಿಂದ ವ್ಯಾನಿನ ಎಣ್ಣೆ ಜವಾಬ್ದಾರಿ ನಂದು ಕಣೆ. ನೀನು ಸ್ಟೇರಿಂಗು ಇಡ್ಕೊಂಡ್ರೆ ಸಾಕು."

ಗುರುವಾರ ಬೆಳಿಗ್ಗೆ ಕಾಫಿ ಲೋಟ ಕೆಳಗಿಡುತ್ತ ಪಾಂಡವಪುರದ ಹೊನ್ನಪ್ಪಾಚಾರ್ರು ಹೀಗೆ ಘೋಷಿಸಿದಾಗ, ಆ ದನಿಯ ಗತ್ತು ಕೇಳಿದ ಯಾರಾದರೂ ಸರ್ಕಾರ ಕನ್ನಂಬಾಡಿ ಕಟ್ಟೆಯ ಬೀಗದ ಕೈಯನ್ನೇ ಇವರ ವಶಕ್ಕೆ ಕೊಟ್ಟಿದೆ ಎಂದುಕೊಳ್ಳಬೇಕಿತ್ತು. ಆದರೆ ಕೇಳಿದ್ದು ಅವರ ಹೆಂಡತಿ ಪ್ರಮೀಳಾ ಒಬ್ಬಳೇ. ಅವಳು ನಡುಮನೆಯ ಚಾಪೆಯ ಮೇಲೆ ನಲವತ್ತು ಬೈತಲೆ ಬೊಟ್ಟುಗಳನ್ನು ಸಾಲಾಗಿ ಜೋಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ನಿಮ್ಗೆ ಗಾಡಿ ಓಡ್ಸಕ್ಕೇ ಬರಕಿಲ್ವಲ್ರೀ."

"ಓಡ್ಸೋದು ಬ್ಯಾರೆ, ಅಳ್ಯೋದು ಬ್ಯಾರೆ. ಮೂವತ್ತು ವರ್ಸ ಮಿಲಿ ಲೆಕ್ಕದಲ್ಲಿ ಚಿನ್ನ ತೂಗಿರೋ ಕೈ ಇದು. ಒಂದು ಕಡ್ಡಿ ಅದ್ದಿ ಎಣ್ಣೆ ಎಷ್ಟದೆ ಅಂತ ನೋಡಕ್ಕಾಗಕಿಲ್ವ?"

"ನೋಡ್ಕಳಿ. ಆದ್ರೆ ನಾಳೆ ಮಧ್ಯಾಹ್ನ ಮೂರಕ್ಕೆ ವ್ಯಾನು ದೇವಲಾಪುರದಲ್ಲಿ ಇರ್ಬೇಕು. ಅಷ್ಟೇಯ."

ದೇವಲಾಪುರದ ಶಾಲೆಯಲ್ಲಿ ನಾಳೆ ವಾರ್ಷಿಕೋತ್ಸವ. ನಲವತ್ತು ಹೆಣ್ಣುಮಕ್ಕಳು ಕುಣಿಯುತ್ತಾರೆ. ಆ ನಲವತ್ತು ಮಕ್ಕಳ ಬೈತಲೆ ಬೊಟ್ಟು, ಜುಮುಕಿ, ಡಾಬು, ಕಾಸಿನ ಸರ ಎಲ್ಲವೂ ಪ್ರಮೀಳಾಳ ವ್ಯಾನಿನಲ್ಲಿ ಹೋಗಬೇಕು. ಅವಳು ನೃತ್ಯದ ಒಡವೆಗಳನ್ನು ಬಾಡಿಗೆಗೆ ಕೊಡುವವಳು. ಏಳು ವರ್ಷದ ಹಿಂದೆ, ಚಿನ್ನದ ದರ ಏರಿ ಜನ ಅಕ್ಕಸಾಲಿಯ ಹತ್ತಿರ ಮುರಿದ ಕೊಂಡಿ ಬೆಸೆಸಿಕೊಳ್ಳಲು ಮಾತ್ರ ಬರತೊಡಗಿದಾಗ, ಅವಳು ಹಳೆಯ ವ್ಯಾನೊಂದನ್ನು ಕೊಂಡು, ಓಡಿಸುವುದನ್ನು ಕಲಿತು, ಕೆ.ಆರ್. ಪೇಟೆ, ನಾಗಮಂಗಲ, ಶ್ರೀರಂಗಪಟ್ಟಣ ಎಂದು ಶಾಲೆಯಿಂದ ಶಾಲೆಗೆ ಓಡಾಡಿ ಈ ವ್ಯಾಪಾರ ಕಟ್ಟಿದ್ದಳು. ಹೇಳಿದ ಹೊತ್ತಿಗೆ ಒಮ್ಮೆಯೂ ತಪ್ಪಿದವಳಲ್ಲ. ಆ ಹೆಸರೇ ಅವಳ ಬಂಡವಾಳ.

ಒಡವೆಗಳೆಲ್ಲ ಗಿಲೀಟು. ಇದು ಆಚಾರ್ರಿಗೆ ನುಂಗಲಾರದ ತುತ್ತು. ತಲೆತಲಾಂತರದಿಂದ ಅಸಲಿ ಬಂಗಾರ ಮುಟ್ಟಿದ ಮನೆತನ, ಈಗ ಗಿಲೀಟಿನಲ್ಲಿ ಅನ್ನ ಬೇಯಿಸುತ್ತಿದೆ. ಅನ್ನ ಉಣ್ಣುವಾಗ ಅವರು ಈ ಮಾತನ್ನು ನೆನೆಯುತ್ತಿರಲಿಲ್ಲ, ಅದು ಬೇರೆ. ಆದರೆ ಏಳು ವರ್ಷದಲ್ಲಿ ಒಂದು ಗಿಲೀಟು ಜುಮುಕಿಯನ್ನೂ ಅವರು ಬೆರಳಲ್ಲಿ ಮುಟ್ಟಿಲ್ಲ. ಚಾಪೆಯ ಮೇಲೆ ಒಡವೆ ಹರಡಿದ್ದರೆ ಗೋಡೆ ಬಳಸಿಕೊಂಡು ಅಡುಗೆಮನೆಗೆ ಹೋಗುತ್ತಿದ್ದರು.

ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದಿತ್ತು. ಪ್ರಮೀಳಾಳ ಕಿವಿಯಲ್ಲಿದ್ದ ಓಲೆಯೂ ಗಿಲೀಟೇ. ಮದುವೆಯಾದ ಮರುವರ್ಷ ಅವಳು ಒಂದು ಜೊತೆ ಓಲೆ ಕೇಳಿದ್ದಳು. "ನಾಳೆ" ಎಂದಿದ್ದರು. ಅಕ್ಕಸಾಲಿಯ ಬಾಯಲ್ಲಿ ನಾಳೆ ಎಂಬುದು ಎಂಥ ಮಾತೆಂದು ಓಲೆ ಮಾಡಿಸಿದವರಿಗೆಲ್ಲ ಗೊತ್ತು. ಆ ನಾಳೆಗೆ ಈಗ ಇಪ್ಪತ್ತನಾಲ್ಕು ವರ್ಷ. ಎರಡು ಸಲ ಅದಕ್ಕೆಂದೇ ಚೂರು ಬಂಗಾರ ಎತ್ತಿಟ್ಟದ್ದೂ ಉಂಟು. ಮೊದಲನೆಯದು ತಾಯಿ ಚಿಕ್ಕಬೋರಮ್ಮನ ಕಣ್ಣಿನ ಆಪರೇಷನ್ನಿಗೆ ಹೋಯಿತು, ಎರಡನೆಯದು ಮಗಳು ಮೇಘನಳ ಮದುವೆಯ ಸರದೊಳಗೆ ಸೇರಿತು. ಬೇರೆ ಗಿರಾಕಿಗಳು ಅಂಗಡಿಗೆ ಬಂದು ಕೂತು, ಜಗಳವಾಡಿ, ತಮ್ಮ ಒಡವೆ ಬಿಡಿಸಿಕೊಂಡು ಹೋಗುತ್ತಿದ್ದರು. ಪ್ರಮೀಳಾ ಜಗಳವಾಡಲಿಲ್ಲ, ಹಾಗಾಗಿ ಸಾಲಿನ ಕೊನೆಯಲ್ಲೇ ಉಳಿದಳು. ಆಚಾರ್ರಿಗೆ ಇದರ ನಾಚಿಕೆ ಇತ್ತು. ನಾಚಿಕೆ ಇದ್ದವರು ಮಾಡುವುದನ್ನೇ ಅವರೂ ಮಾಡುತ್ತಿದ್ದರು: ಓಲೆಯ ಮಾತು ಬಂದರೆ ಮಳೆಯ ಮಾತು ತೆಗೆಯುತ್ತಿದ್ದರು.

ಇದಕ್ಕೂ ಎಣ್ಣೆಗೂ ಏನು ಸಂಬಂಧ ಎನ್ನುತ್ತೀರಾ? ಇದೆ.

ಆ ವ್ಯಾನಿನಲ್ಲಿ ಎಂಜಿನ್ನು ಇರುವುದು ಮುಂದಿನ ಸೀಟಿನ ಅಡಿಯಲ್ಲಿ. ಪ್ರತಿ ದಿನ ಬೆಳಿಗ್ಗೆ ಪ್ರಮೀಳಾ ಸೀಟು ಎತ್ತಿ, ಎಂಜಿನ್ನಿನೊಳಗಿಂದ ಒಂದು ತೆಳುವಾದ ಉಕ್ಕಿನ ಕಡ್ಡಿ ಎಳೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಅದ್ದಿ, ಹೊರಗೆ ತೆಗೆದು ಎಣ್ಣೆ ಎಲ್ಲಿಯವರೆಗೆ ಅಂಟಿದೆ ಎಂದು ನೋಡುತ್ತಿದ್ದಳು. ಆಚಾರ್ರು ಜಗಲಿಯ ಮೇಲಿಂದ ಇದನ್ನು ಏಳು ವರ್ಷ ನೋಡಿದ್ದರು. ಹೋದ ತಿಂಗಳು ಆ ಕಡ್ಡಿಯ ಹಿಡಿಯ ಉಂಗುರ ಮುರಿದುಹೋಯಿತು. ಪ್ರಮೀಳಾ ತಲೆಗೂದಲಿಗೆ ಹಾಕುವ ಕೆಂಪು ರಬ್ಬರ್ ಬ್ಯಾಂಡು ಸುತ್ತಿ ಕೆಲಸ ಮುಂದುವರಿಸಿದಳು. ಅಕ್ಕಸಾಲಿಯ ಮನೆಯ ಸಾಮಾನಿಗೆ ರಬ್ಬರ್ ಬ್ಯಾಂಡು! ಆಚಾರ್ರಿಗೆ ತಡೆಯಲಾಗಲಿಲ್ಲ. ಓಲೆ ಕೊಡಲಾಗದ ಗಂಡ ಹೆಂಡತಿಗೆ ಒಂದು ಚೆಂದದ ಆಯಿಲ್ ಕಡ್ಡಿಯನ್ನಾದರೂ ಕೊಡಬಾರದೇ? ಘೋಷಣೆಯ ಹಿಂದಿದ್ದ ಗುಟ್ಟು ಇದು.

ಮಧ್ಯಾಹ್ನ ಪ್ರಮೀಳಾ ಜಡೆಕುಚ್ಚು ತರಲು ಶ್ರೀರಂಗಪಟ್ಟಣದ ಬಸ್ಸು ಹತ್ತಿದ್ದೇ ತಡ, ಆಚಾರ್ರು ಕಡ್ಡಿ ಎಳೆದುಕೊಂಡು ಅಂಗಡಿಯ ಬಾಗಿಲು ಅರ್ಧ ಹಾಕಿ ಕೂತರು. ಮೊದಲು ಹುಣಸೆಹುಳಿಯಲ್ಲಿ ನೆನೆಸಿದರು. ಅಂಟುವಾಳದ ನೊರೆಯಲ್ಲಿ ಉಜ್ಜಿದರು. ಮದುವೆ ಹೆಣ್ಣಿನ ಒಡವೆಗೂ ಅವರು ಇಷ್ಟು ಉಜ್ಜಿರಲಿಲ್ಲ. ವರ್ಷಗಳ ಕಪ್ಪು ಹೋಗಿ ಕಡ್ಡಿ ಹೊಳೆಯತೊಡಗಿದಾಗ, ತುದಿಯ ಹತ್ತಿರ ಎರಡು ಪುಟ್ಟ ತೂತುಗಳು ಕಂಡವು.

"ಅಯ್ಯೋ, ತುಕ್ಕು ತಿಂದ್ಬುಟ್ಟದೆ" ಎಂದು ಆಚಾರ್ರು ಮರುಗಿದರು.

ಒಡವೆಯಲ್ಲಿ ತೂತು ಕಂಡರೆ ಸುಮ್ಮನೆ ಬಿಡುವುದು ಅವರ ಜಾಯಮಾನವಲ್ಲ. ಬಿಳಿಗಾರ ಸವರಿದರು, ಊದುಗೊಳವೆ ಹಿಡಿದರು, ಎರಡು ತೂತಿಗೂ ಬೆಸುಗೆ ತುಂಬಿದರು. ಅರ ಹಾಕಿ ನುಣುಪು ಮಾಡಿದರು. ಉಗುರಿನಿಂದ ಸವರಿದರೂ ಎಲ್ಲಿ ಮುಚ್ಚಿದ್ದೆಂದು ತಿಳಿಯಬಾರದು, ಅಷ್ಟು ಸೊಗಸಾದ ಕೆಲಸ. ಆಮೇಲೆ ಹಿತ್ತಾಳೆಯ ತಂತಿ ಹೆಣೆದು ಹಿಡಿಗೆ ಉಂಗುರ ಕೂರಿಸಿದರು. ಉಂಗುರದ ನೆತ್ತಿಯ ಮೇಲೆ ಒಂದು ಹಂಸ ಮಾಡಿದರು. ಹಂಸಕ್ಕೆ ಕೊಕ್ಕು, ಕಣ್ಣು, ರೆಕ್ಕೆಯ ಗೆರೆ ಎಲ್ಲ ಬಂದವು.

ಮೆರುಗು ಕೊಡುವಾಗ ಒಂದು ಮಾತು ನೆನಪಾಯಿತು. ಪ್ರಮೀಳಾ ಯಾವಾಗಲೂ "ಎಣ್ಣೆ ಗುರುತಿನ ತಂಕ ಇರ್ಬೇಕು" ಎನ್ನುತ್ತಿದ್ದಳು. ಗುರುತು ಎಲ್ಲಿ? ಕನ್ನಡಕ ಹಾಕಿ ನೋಡಿದರು. ಭೂತಗನ್ನಡಿಯಲ್ಲಿ ನೋಡಿದರು. ಕಡ್ಡಿಯ ಎರಡು ಮೈಯಲ್ಲೂ ಗುರುತು ಎಂಬುದು ಇಲ್ಲವೇ ಇಲ್ಲ. ಪಾಪ, ಹಳೇ ಗಾಡಿ, ಗುರುತು ಸವೆದುಹೋಗಿದೆ ಎಂದುಕೊಂಡು ಸಣ್ಣ ಉಳಿ ಹಿಡಿದು, ತುದಿಯಿಂದ ನಾಲ್ಕು ಬೆರಳು ಮೇಲೆ ಒಂದು ತಾವರೆ ಮೊಗ್ಗು ಕೆತ್ತಿದರು. ನಾಲ್ಕು ಬೆರಳೇ ಏಕೆಂದರೆ ನೋಡಲು ಅಲ್ಲಿಯೇ ಚೆಂದ. ಎಂಜಿನ್ನಿನ ಅಭಿಪ್ರಾಯವನ್ನು ಅವರು ಕೇಳಲಿಲ್ಲ.

ಶುಕ್ರವಾರ ಬೆಳಿಗ್ಗೆ, ಪ್ರಮೀಳಾ ಒಳಗೆ ಡಾಬುಗಳನ್ನು ಎಣಿಸುತ್ತಿದ್ದಾಗ, ಆಚಾರ್ರು ಸೀಟು ಎತ್ತಿ ಕಡ್ಡಿ ಅದ್ದಿ ತೆಗೆದರು. ಎದೆ ಧಸಕ್ಕೆಂದಿತು. ಎಣ್ಣೆ ಕಡ್ಡಿಯ ತುದಿಯಲ್ಲಿ ಒಂದಿಷ್ಟು ಅಂಟಿತ್ತು, ತಾವರೆ ಮೊಗ್ಗು ಒಣಗಿ ನಿಂತಿತ್ತು. ಇಂಥ ಗಾಡಿಯಲ್ಲಿ ಪ್ರಮೀಳಾ ಊರೂರು ಸುತ್ತಿದ್ದಾಳೆ! ಅವರ ಕಣ್ಣು ತೇವವಾಯಿತು. ವ್ಯಾನಿನಲ್ಲಿದ್ದ ಒಂದು ಲೀಟರಿನ ಡಬ್ಬವನ್ನು ಪೂರ್ತಿ ಸುರಿದರು. ಮೊಗ್ಗು ನೆನೆಯಲಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಓಡಿ ಇನ್ನೊಂದು ಡಬ್ಬ ತಂದು ಅದನ್ನೂ ಸುರಿದರು. ಈಗ ಮೊಗ್ಗು ನೆನೆಯಿತು. ಹೆಂಡತಿಯ ಪ್ರಾಣ ಉಳಿಸಿದ ಸಮಾಧಾನದಲ್ಲಿ ಮಧ್ಯಾಹ್ನ ಹೊರಡುವ ಹೊತ್ತಿಗೆ ಒಗೆದ ಷರ್ಟು ಹಾಕಿಕೊಂಡು ಬಂದು ಮುಂದಿನ ಸೀಟಿನಲ್ಲಿ, ಅಂದರೆ ಎಂಜಿನ್ನಿನ ನೆತ್ತಿಯ ಮೇಲೆಯೇ, ಆಸೀನರಾದರು.

"ನೀವೂ ಬರ್ತೀರಾ?" ಎಂದಳು ಪ್ರಮೀಳಾ ಆಶ್ಚರ್ಯದಿಂದ.

"ಬರ್ತೀನಿ. ಅಲ್ಲಿ ವಸಿ ಕೆಲ್ಸ ಅದೆ." ಕಾರ್ಯಕ್ರಮ ಮುಗಿದ ಮೇಲೆ ಹಂಸವನ್ನು ತೋರಿಸುವುದು ಅವರ ಯೋಜನೆ.

"ಎಣ್ಣೆ ನೋಡಿದ್ರಾ?"

"ನೋಡ್ದೆ. ಕಮ್ಮಿ ಇತ್ತು, ಆಕಿದ್ದೀನಿ."

"ಕಮ್ಮಿ ಇತ್ತಾ? ಬುಧವಾರ ನೋಡ್ದಾಗ ಸರಿಯಾಗಿತ್ತಲ್ರೀ."

"ನಿನ್ ಕಣ್ಣಿಗೆ ಸರಿ ಇತ್ತು. ನನ್ ಕಣ್ಣು ಚಿನ್ನ ನೋಡಿರೋ ಕಣ್ಣು."

ಹೊತ್ತಾಗುತ್ತಿತ್ತು. ಪ್ರಮೀಳಾ ಮಾತು ಬೆಳೆಸದೆ ಗೇರು ಹಾಕಿದಳು.

ಊರು ದಾಟುವವರೆಗೆ ಎಲ್ಲ ಚೆನ್ನಾಗಿತ್ತು. ಆಮೇಲೆ ಏನೋ ಕಮಟು ವಾಸನೆ ಬಂತು. ಯಾರೋ ಹೊಲದಲ್ಲಿ ಕಬ್ಬಿನ ಸೋಗೆ ಸುಡುತ್ತಿರಬೇಕು ಎಂದರು ಆಚಾರ್ರು. ಎರಡು ಮೈಲಿ ಹೋದರೂ ಸೋಗೆ ಸುಡುವವರು ಹಿಂದೆಯೇ ಬರುತ್ತಿದ್ದರು. ಪ್ರಮೀಳಾ ಕನ್ನಡಿ ನೋಡಿದಳು. ಹಿಂದೆ ರಸ್ತೆ ಕಾಣುತ್ತಿರಲಿಲ್ಲ, ಬರೀ ನೀಲಿ ಬೆರೆತ ಬಿಳಿ ಹೊಗೆ. ಆ ಹೊಗೆಯೊಳಗಿಂದ ಹುಲ್ಲಿನ ಹೊರೆ ಕಟ್ಟಿದ ಮೊಪೆಡ್ಡೊಂದು ಕೆಮ್ಮುತ್ತ ಹೊರಬಂದು ಪಕ್ಕಕ್ಕೆ ಸೇರಿತು.

"ಅಕ್ಕಾ, ಇಂದ್ಗಡೆ ಒಲೆ ಅಚ್ಚಿದ್ದೀರಾ?" ಎಂದು ಅದರ ಮೇಲಿದ್ದವನು ಕೇಳಿ ಮುಂದೆ ಹೋದ.

ವ್ಯಾನು ಬಿಕ್ಕತೊಡಗಿತು. ಪ್ರಮೀಳಾ ಅದನ್ನು ಪುಸಲಾಯಿಸುತ್ತ ಜಕ್ಕನಹಳ್ಳಿ ಕ್ರಾಸಿನವರೆಗೆ ತಂದಳು. ಅಲ್ಲಿ ಮೆಕ್ಯಾನಿಕ್ ಚಿಕ್ಕಸ್ವಾಮಿಯ ತಗಡಿನ ಶೆಡ್ಡಿನ ಮುಂದೆ ಅದು ಒಮ್ಮೆ ಮೈ ನಡುಗಿಸಿ ನಿಂತುಬಿಟ್ಟಿತು. ಗಂಟೆ ಒಂದೂವರೆ ದಾಟಿತ್ತು. ಅಷ್ಟರಲ್ಲಿ ಶಾಲೆಯ ವೀಣ ಮೇಡಂ ಅವರ ಫೋನು ಬಂತು. ಮಕ್ಕಳಿಗೆಲ್ಲ ಬಣ್ಣ ಹಚ್ಚಿ ಕೂರಿಸಿದ್ದಾರೆ, ಒಡವೆ ಒಂದೇ ಬಾಕಿ, ನಾಲ್ಕಕ್ಕೆ ಮೊದಲ ನೃತ್ಯ.

"ದಾರೀಲಿ ಇದ್ದೀನಿ ಮೇಡಂ" ಎಂದಳು ಪ್ರಮೀಳಾ. ಸುಳ್ಳಲ್ಲ. ದಾರಿಯಲ್ಲೇ ಇದ್ದಳು. ಆದರೆ ಫೋನು ಇಟ್ಟಾಗ ಅವಳ ಮುಖ ಸಣ್ಣದಾಗಿತ್ತು. ಏಳು ವರ್ಷದಲ್ಲಿ ಆಚಾರ್ರು ಆ ಮುಖ ನೋಡಿರಲಿಲ್ಲ.

ಚಿಕ್ಕಸ್ವಾಮಿ ಸೀಟು ಎತ್ತಿದ. ಎಂಜಿನ್ನಿನ ಮೈಯೆಲ್ಲ ಎಣ್ಣೆ. ಕಡ್ಡಿ ಎಳೆಯಲು ಕೈ ಚಾಚಿದವನು ಹಾಗೇ ನಿಂತ. ಒಳಗಿನ ಕತ್ತಲಲ್ಲಿ ಹಂಸವೊಂದು ಥಳಥಳ ಹೊಳೆಯುತ್ತಿತ್ತು.

"ಪ್ರಮೀಳಕ್ಕ, ಇದೇನು, ದೇವರ ಸಾಮಾನು ಎಂಜಿನ್ನಿಗೆ ಬಂದು ಕೂತ್ಬುಟ್ಟದೆ?"

ಪ್ರಮೀಳಾ ಬಗ್ಗಿ ನೋಡಿದಳು. ಹಂಸವನ್ನು ನೋಡಿದಳು, ಗಂಡನನ್ನು ನೋಡಿದಳು.

"ಇದನ್ಯಾವಾಗ ಮಾಡಿದ್ರಿ?"

"ನೆನ್ನೆ."

"ನಂಗಾ?"

"ಇನ್ಯಾರ್ಗೆ? ರಬ್ಬರ್ ಬ್ಯಾಂಡು ಕಟ್ಕೊಂಡಿದ್ದಲ್ಲ, ನೋಡಕ್ಕಾಗ್ನಿಲ್ಲ."

ಚಿಕ್ಕಸ್ವಾಮಿ ಕಡ್ಡಿ ಹೊರಗೆಳೆದು ಒರೆಸಿ ಅದ್ದಿ ತೆಗೆದ. ಹಿಂದೆ ಮುಂದೆ ತಿರುಗಿಸಿದ. ಉಗುರಿನಿಂದ ಕೆರೆದ.

"ತೂತೆಲ್ಲಿ?"

"ಯಾವ ತೂತು?" ಎಂದರು ಆಚಾರ್ರು. ದನಿ ಸ್ವಲ್ಪ ಇಳಿದಿತ್ತು.

"ಎಲ್ಡು ತೂತು ಇರ್ತವಲ್ಲ ಆಚಾರ್ರೇ, ಅದೇ ಗುರ್ತು. ಎಣ್ಣೆ ಕೆಳಗಿನ ತೂತಿಗಿಂತ ಕೆಳೀಕೆ ಓಗ್ಬಾರ್ದು, ಮೇಲಿನ ತೂತು ದಾಟ್ಬಾರ್ದು. ಇಲ್ನೋಡಿದ್ರೆ ಒಂದೂ ಇಲ್ಲ, ಊವು ಅದೆ. ಎಣ್ಣೆ ಊವಿನ ತಂಕ ಬಂದದೆ. ಯಾರೋ ಕೊಡದಲ್ಲಿ ಉಯ್ದಂಗದೆ. ಅದೇ ಉಕ್ಕಿ ಒಗೆಯಾಗಿ ಬತ್ತಾ ಇರೋದು."

ಹಳೇ ಗಾಡಿ, ಸವೆದಿದೆ ಎಂದು ಹೇಳಿ ಆಚಾರ್ರು ಪಾರಾಗಬಹುದಿತ್ತು. ಆ ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಪ್ರಮೀಳಾ ವ್ಯಾನಿನ ಹಿಂಬಾಗಿಲು ತೆಗೆದು, ಹೊಗೆಯ ಮಸಿ ಒಡವೆಗೆ ಕೂರಬಾರದೆಂದು ತನ್ನ ಸೆರಗಿನಿಂದ ತಟ್ಟೆಗಳನ್ನು ಮುಚ್ಚುತ್ತಿದ್ದಳು. ಅದನ್ನು ನೋಡಿದ ಮೇಲೆ ಸುಳ್ಳು ಹೊರಡಲಿಲ್ಲ.

"ತೂತು ನಾನೇ ಮುಚ್ಚಿದ್ದು. ತುಕ್ಕು ತಿಂದದೆ ಅನ್ಕೊಂಡು ಬೆಸುಗೆ ಆಕ್ಬುಟ್ಟೆ. ಎಣ್ಣೆ ಉಯ್ದಿದ್ದೂ ನಾನೇ."

ಚಿಕ್ಕಸ್ವಾಮಿ ಸ್ಪ್ಯಾನರು ಕೆಳಗಿಟ್ಟ. "ಎಣ್ಣೆ ಕಮ್ಮಿಯಾಗಿ ಕೆಟ್ಟಿರೋ ಗಾಡಿ ಬೇಕಾದಷ್ಟು ನೋಡಿವ್ನಿ. ಪಿರೂತಿ ಜಾಸ್ತಿಯಾಗಿ ಕೆಟ್ಟಿರೋದು ಇದೇ ಮೊದ್ಲು" ಎಂದ.

ಪ್ರಮೀಳಾ ನಗಲಿಲ್ಲ, ಬಯ್ಯಲೂ ಇಲ್ಲ. ಬಯ್ದಿದ್ದರೆ ಆಚಾರ್ರಿಗೆ ಎಷ್ಟೋ ಹಗುರಾಗುತ್ತಿತ್ತು. "ಎಷ್ಟೊತ್ತು ಬೇಕು ಸ್ವಾಮಿ?" ಎಂದಷ್ಟೇ ಕೇಳಿದಳು.

ಎಣ್ಣೆ ಇಳಿಸುವುದು, ಪ್ಲಗ್ಗು ಒರೆಸುವುದು, ಫಿಲ್ಟರು ಒಣಗಿಸುವುದು ದೊಡ್ಡ ಕೆಲಸವಲ್ಲ ಎಂದ ಚಿಕ್ಕಸ್ವಾಮಿ. ತೊಡಕು ಬೇರೆ. ಎಲ್ಲಿಯವರೆಗೆ ಇಳಿಸಬೇಕು? ಗುರುತೇ ಇಲ್ಲವಲ್ಲ. ಪೂರ್ತಿ ಇಳಿಸಿ ಅಳೆದು ತುಂಬೋಣವೆಂದರೆ ಅವನ ಹತ್ತಿರ ಟ್ರಾಕ್ಟರಿನ ಎಣ್ಣೆ ಬಿಟ್ಟು ಬೇರೆ ಇಲ್ಲ, ಇಳಿಸಿದ ಎಣ್ಣೆ ಹಳೇ ಡಬ್ಬದ ಮಣ್ಣಿಗೆ ಬೆರೆಯುತ್ತದೆ. ಇಂಥ ಗಾಡಿಯ ಕಡ್ಡಿ ತರಲು ನಾಗಮಂಗಲಕ್ಕೇ ಹೋಗಬೇಕು.

"ಬ್ಯಾಡ" ಎಂದಳು ಪ್ರಮೀಳಾ. "ನಂಗೊತ್ತು."

ಅವಳು ಕಡ್ಡಿ ತೆಗೆದುಕೊಂಡು ಅದರ ತುದಿಗೆ ತನ್ನ ಬಲಗೈ ತೋರುಬೆರಳಿನ ತುದಿ ಜೋಡಿಸಿ ಹಿಡಿದಳು. "ಕೆಳಗಿನ ತೂತು ನನ್ ಉಗುರಿನ ಬುಡಕ್ಕೆ ಬತ್ತಿತ್ತು. ಮೇಲಿಂದು ಮೊದಲ್ನೇ ಗೆಣ್ಣಿಗೆ. ಏಳು ವರ್ಸ ದಿನಾ ಬೆಳಿಗ್ಗೆ ನೋಡಿಲ್ವಾ?"

ಆಚಾರ್ರು ಚಿಕ್ಕಸ್ವಾಮಿಯಿಂದ ಚೂಪು ಮೊಳೆ, ಸುತ್ತಿಗೆ ಕೇಳಿ ಪಡೆದರು. ಟ್ರಾಕ್ಟರಿನ ಮುರಿದ ಭಾಗವೊಂದನ್ನು ಅಡಿಗಲ್ಲು ಮಾಡಿಕೊಂಡು ನೆಲದ ಮೇಲೆ ಕೂತರು. ಗುರುತು ಹಾಕಲು ಹೆಂಡತಿಯ ಬೆರಳನ್ನು ಕಡ್ಡಿಗೆ ಒತ್ತಿ ಹಿಡಿದುಕೊಂಡರು. ಆಗ ಅವರ ಕೈ ಒಂದು ಗಳಿಗೆ ನಿಂತಿತು. ಮೂವತ್ತು ವರ್ಷದಲ್ಲಿ ತಾಲ್ಲೂಕಿನ ಅರ್ಧ ಹೆಂಗಸರ ಬೆರಳು ಅಳೆದಿದ್ದಾರೆ, ಯಾರ ಗೆಣ್ಣು ಎಷ್ಟು ದಪ್ಪ ಎಂದು ಬಾಯಿಪಾಠ ಹೇಳಬಲ್ಲರು. ಈ ಬೆರಳನ್ನು ಅಳೆದದ್ದು ಇದೇ ಮೊದಲು. ತುದಿ ಒರಟಾಗಿತ್ತು. ಉಗುರಿನ ಸಂದಿಯಲ್ಲಿ ಒಂದು ಗೆರೆ ಎಂಜಿನ್ ಎಣ್ಣೆ, ಎಷ್ಟು ತೊಳೆದರೂ ಹೋಗದ ಗೆರೆ. ಏಳು ವರ್ಷ ತಮ್ಮ ತಟ್ಟೆಗೆ ಅನ್ನ ದುಡಿದು ತಂದ ಬೆರಳು ಇದೇ.

"ಅಳತೆ ತಕಳಿ, ಒತ್ತಾಯ್ತದೆ" ಎಂದಳು ಪ್ರಮೀಳಾ. ಆದರೆ ಬೆರಳು ಎಳೆದುಕೊಳ್ಳಲಿಲ್ಲ.

ಎರಡು ಏಟಿಗೆ ಎರಡು ತೂತು ಬಿದ್ದವು. ಮುಚ್ಚಿದ ಬೆಸುಗೆಯ ಚುಕ್ಕೆಗಳು ಅಲ್ಲಿಂದಲೇ ಕಿತ್ತುಬಂದವು. ಅವಳ ಬೆರಳಿನ ಅಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಮಿಲಿ ಲೆಕ್ಕದ ಆಚಾರ್ರು ಕಡ್ಡಿಯನ್ನು ಒರೆಸಿ ಚಿಕ್ಕಸ್ವಾಮಿಯ ಕೈಗಿಟ್ಟರು, ಅವನು ಎರಡು ತೂತಿನ ನಡುವಿಗೆ ಬರುವವರೆಗೆ ಎಣ್ಣೆ ಇಳಿಸಿ, ಪ್ಲಗ್ಗು ಒರೆಸಿ, ಫಿಲ್ಟರು ಒಣಗಿಸಿ ಕೂರಿಸಿದ.

ವ್ಯಾನು ದೇವಲಾಪುರದ ಶಾಲೆಯ ಗೇಟು ಹೊಕ್ಕಾಗ ನಾಲ್ಕು ಗಂಟೆ ಹತ್ತು ನಿಮಿಷ. ಪ್ರಮೀಳಾ ಅವಸರದಲ್ಲಿ ಇಳಿದಳು. ಆದರೆ ವೇದಿಕೆಯ ಮೇಲೆ ಮುಖ್ಯ ಅತಿಥಿಗಳು ಎರಡು ಮಾತು ಹೇಳುತ್ತೇನೆಂದು ಮೂರೂವರೆಗೆ ಎದ್ದು ನಿಂತವರು ಇನ್ನೂ ಮೊದಲನೆಯ ಮಾತಿನಲ್ಲೇ ಇದ್ದರು. ಇಂಥ ಭಾಷಣಕಾರರನ್ನು ಆಚಾರ್ರು ಜೀವಮಾನವೆಲ್ಲ ಶಪಿಸಿದ್ದರು. ಅಂದು ಮನಸ್ಸಿನಲ್ಲೇ ಕೈಮುಗಿದರು.

ತರಗತಿಯ ಕೋಣೆಯಲ್ಲಿ ನಲವತ್ತು ಮಕ್ಕಳು. ವೀಣ ಮೇಡಂ ಮತ್ತು ಪ್ರಮೀಳಾ ಒಡವೆ ಕಟ್ಟತೊಡಗಿದರು. ಎರಡು ಜೊತೆ ಕೈಯಲ್ಲಿ ಮುಗಿಯುವ ಕೆಲಸವಲ್ಲ. ಆಚಾರ್ರು ಬಾಗಿಲಲ್ಲಿ ಒಂದು ಕ್ಷಣ ನಿಂತರು, ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದು ನೆಲದ ಮೇಲೆ ಕೂತು ಒಂದು ತಟ್ಟೆ ಎಳೆದುಕೊಂಡರು. ಏಳು ವರ್ಷದ ವ್ರತ ಅಲ್ಲಿಗೆ ಮುಗಿಯಿತು. ಬೈತಲೆ ಬೊಟ್ಟು ಕೂರಿಸಿದರು, ಡಾಬಿನ ತಿರುಪು ಬಿಗಿದರು, ಕೊಂಡಿ ಬಿಚ್ಚಿಕೊಂಡ ಜುಮುಕಿಯೊಂದನ್ನು ಹಲ್ಲಿನಲ್ಲಿ ಕಚ್ಚಿ ಸರಿಮಾಡಿದರು. ಆ ಜುಮುಕಿಯ ಹುಡುಗಿ ಕನ್ನಡಿ ನೋಡಿಕೊಂಡು ಮೆಲ್ಲಗೆ ಕೇಳಿದಳು.

"ತಾತ, ಇದು ಚಿನ್ನನಾ?"

ಆಚಾರ್ರು ಆ ಪುಟ್ಟ ಮುಖವನ್ನು ನೋಡಿದರು. ಆಚೆ ಮೂಲೆಯಲ್ಲಿ ಇನ್ನೊಂದು ಮಗುವಿಗೆ ಸರ ಕಟ್ಟುತ್ತಿದ್ದ ಪ್ರಮೀಳಾಳನ್ನು ನೋಡಿದರು.

"ಊಂ ಕಣವ್ವ. ಅಸಲಿ" ಎಂದರು.

ಪ್ರಮೀಳಾಳ ಕೈ ಸರದ ಕೊಂಡಿಯ ಮೇಲೆ ಸ್ವಲ್ಪ ಹೊತ್ತು ತಡೆಯಿತು. ಅವಳಿಗೆ ಕೇಳಿಸಿತ್ತು.

ಶನಿವಾರ ಬೆಳಿಗ್ಗೆ ಪ್ರಮೀಳಾ ಎಂದಿನಂತೆ ಸೀಟು ಎತ್ತಿ, ಹಂಸದ ಕುತ್ತಿಗೆ ಹಿಡಿದು ಕಡ್ಡಿ ಎಳೆದು, ಒರೆಸಿ, ಅದ್ದಿ ನೋಡಿದಳು. ಎಣ್ಣೆ ಎರಡು ತೂತಿನ ನಡುವೆ ಸರಿಯಾಗಿ ನಿಂತಿತ್ತು. ಎಣ್ಣೆಯ ಜವಾಬ್ದಾರಿ ಯಾರದೆಂಬ ಮಾತನ್ನು ಮನೆಯಲ್ಲಿ ಯಾರೂ ಎತ್ತಿರಲಿಲ್ಲ. ಆಚಾರ್ರು ಜಗಲಿಯಿಂದ ಇಳಿದು ಬಂದು ಅವಳ ಮುಂದೆ ಅಂಗೈ ಚಾಚಿದರು. ಅಂಗೈಯಲ್ಲಿ ಅವರ ಬೆರಳಿನ ಉಂಗುರವಿತ್ತು. ಬೆರಳಿನಲ್ಲಿ ಅದರ ಬಿಳಿಯ ಗುರುತು ಮಾತ್ರ ಉಳಿದಿತ್ತು.

"ಇದ್ನ ಕರಗ್ಸಿ ನಿಂಗೆ ಓಲೆ ಮಾಡ್ತೀನಿ. ನಾಳೆ ಅನ್ನಕಿಲ್ಲ. ಇವತ್ತೇ ಕುಲುಮೆ ಅಚ್ತೀನಿ. ಸಂಜೆ ಒಳ್ಗೆ ನಿನ್ ಕಿವೀಲಿರ್ತದೆ."

ಪ್ರಮೀಳಾ ಉಂಗುರವನ್ನು ನೋಡಿದಳು. ಎಣ್ಣೆಯ ಬಟ್ಟೆಯಲ್ಲಿ ಕೈ ಒರೆಸಿಕೊಂಡು, ಗಿಲೀಟು ಓಲೆಗಳನ್ನು ಒಂದೊಂದಾಗಿ ಬಿಚ್ಚಿ ಗಂಡನ ಅಂಗೈಯಲ್ಲಿ ಉಂಗುರದ ಪಕ್ಕಕ್ಕೆ ಇಟ್ಟಳು. ಅವಳ ಕಣ್ಣು ತುಂಬಿತ್ತು, ತುಟಿಯ ತುದಿಯಲ್ಲಿ ನಗು ತಡೆದುಕೊಂಡಿತ್ತು.

"ಮಾಡಿ, ಬ್ಯಾಡ ಅನ್ನಕಿಲ್ಲ" ಎಂದಳು. "ಆದ್ರೆ ತೊಡ್ಸೋಕೆ ಮುಂಚೆ ಒಂದು ಮಾತು ಗ್ಯಾಪಕ ಇರ್ಲಿ. ನನ್ ಕಿವೀಲೂ ಎಲ್ಡು ತೂತವೆ. ತುಕ್ಕು ತಿಂದದೆ ಅಂತ ಅವನ್ನೂ ಮುಚ್ಬುಟ್ಟೀರಾ."